ಶಿವಮೊಗ್ಗದಲ್ಲಿ ಎರಡು ದಿನ, ಒಬ್ಬಳೇ, ಬರೀ ಪುಸ್ತಕದಂಗಡಿ: ಆಗುತ್ತಾ?

ಕಿಟಕಿಸೀಟು
ಎಲ್ಲರಿಗೂ ನಮಸ್ಕಾರ. ನನ್ನ ಊರು ತೀರ್ಥಹಳ್ಳಿಯಿಂದಾಚೆ, ಕೆಲಸ ಬೆಂಗಳೂರಲ್ಲಿ. ಹದಿನೇಳು ವರ್ಷದಿಂದ ಹಬ್ಬಕ್ಕೆ, ಮದುವೆಗೆ, ತಿಥಿಗೆ ಅಂತ ಓಡಾಡ್ತಾ ಇದೀನಿ. ಪ್ರತಿ ಸಲವೂ ಶಿವಮೊಗ್ಗದಲ್ಲಿ ಇಳಿದಿದೀನಿ, ಆದ್ರೆ ಶಿವಮೊಗ್ಗ ಅಂದ್ರೆ ನನಗೆ ಬಸ್ ಸ್ಟ್ಯಾಂಡ್ ಅಷ್ಟೇ. ಬೆಳಗಿನ ಜಾವ ರಾತ್ರಿ ಬಸ್ಸಿಂದ ಇಳಿ, ಒಂದು ಕಾಫಿ ಕುಡಿ, ತೀರ್ಥಹಳ್ಳಿ ಬಸ್ ಹತ್ತು. ವಾಪಸ್ ಬರುವಾಗಲೂ ಅದೇ.

ಗಣಪತಿ ಹಬ್ಬದ ಗಲಾಟೆ ಮುಗಿದ ಮೇಲೆ ಎರಡು ದಿನ ರಜೆ ಹಾಕಿ, ಬುಧವಾರ ಗುರುವಾರ, ಅಲ್ಲೇ ಇಳಿದು ಅಲ್ಲೇ ಉಳೀಬೇಕು ಅಂತ ಆಸೆ. ಜೋಗ ಬೇಡ, ಸಕ್ರೆಬೈಲು ಬೇಡ, ಆಗುಂಬೆ ಸೂರ್ಯಾಸ್ತ ಬೇಡ. ಪುಸ್ತಕದಂಗಡಿಗಳನ್ನ ಒಂದೊಂದಾಗಿ ನಿಧಾನಕ್ಕೆ ನೋಡಬೇಕು, ತಗೊಂಡಿದ್ದನ್ನ ತುಂಗೆ ದಂಡೇಲಿ ಕೂತು ಓದಬೇಕು, ರಾತ್ರಿ ಒಂದು ರೂಮಿನಲ್ಲಿ ಯಾರ ಹತ್ರನೂ ಮಾತಾಡದೆ ಮಲಗಬೇಕು. ಇಷ್ಟೇ.

ಅಷ್ಟು ಅಂಗಡಿ ಇದೆಯಾ? ಯಾವ ಕಡೆ? ಹೆಂಗಸು ಒಬ್ಬಳೇ ಹೋದ್ರೆ ರೂಮ್ ಕೊಡ್ತಾರಾ?

ಇನ್ನೊಂದು ವಿಷಯ. ವಿನೋಬನಗರದಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. ಹೋದ್ರೆ ತುಂಬಾ ಪ್ರೀತಿಯಿಂದ ನೋಡ್ಕೋತಾರೆ. ಆದ್ರೆ ಅಲ್ಲಿಗೆ ಹೋದ್ರೆ ಈ ಎರಡು ದಿನ ಸಿಗಲ್ಲ. ಹೇಳದೇ ಹೋಗಬಹುದಾ? ಇದು ತಪ್ಪಾ? ಒಂದು ವಾರದಿಂದ ಇದೇ ಯೋಚನೆ.

ತುಂಗೆ_ದಂಡೆ
ಖಂಡಿತ ಬನ್ನಿ. ಗೋಪಿ ಸರ್ಕಲ್ ಅಂತ ಹೇಳಿ ಆಟೋದಲ್ಲಿ ಬಂದು ಇಳೀರಿ. ನೆಹರೂ ರಸ್ತೆ, ದುರ್ಗಿಗುಡಿ, ಬಿ.ಹೆಚ್. ರಸ್ತೆ ಮೂರೂ ಅಲ್ಲಿಂದ ನಡೆಯೋ ದೂರ. ಕಾರ್ ಬೇಡ, ಸ್ಕೂಟರ್ ಬೇಡ, ಛತ್ರಿ ಮಾತ್ರ ಇರ್ಲಿ. ಗಾಂಧಿಬಜಾರ್ ಕಡೆಗೂ ಒಂದು ಸುತ್ತು ಹಾಕಿ, ಅಲ್ಲಿ ಪೂಜಾ ಪುಸ್ತಕ, ಪಂಚಾಂಗ, ಹಾಡಿನ ಪುಸ್ತಕ ಇಡೋ ಸಣ್ಣ ಅಂಗಡಿಗಳಿವೆ.

ಗಣಪತಿ ವಿಸರ್ಜನೆ ಮೆರವಣಿಗೆ ಯಾವ ದಿನ ಅಂತ ಮೊದಲೇ ವಿಚಾರಿಸಿಕೊಳ್ಳಿ. ಆ ದಿನ ಪೇಟೆ ಪೂರ್ತಿ ಬಂದ್ ಇದ್ದ ಹಾಗೇ.

ಚರ್ಚ್‌ಸ್ಟ್ರೀಟ್_ಸಂಜೆ
ಬೇಜಾರಾಗಬೇಡಿ. ಬೆಂಗಳೂರಲ್ಲಿ ಇದ್ಕೊಂಡು ಪುಸ್ತಕದಂಗಡಿ ನೋಡೋಕೆ ಶಿವಮೊಗ್ಗಕ್ಕಾ? ಚರ್ಚ್ ಸ್ಟ್ರೀಟಲ್ಲಿ ಬ್ಲಾಸಮ್ ಒಂದರಲ್ಲೇ ಇಡೀ ದಿನ ಕಳೀಬಹುದು. ಹಳೇ ಪುಸ್ತಕಕ್ಕೆ ಅವೆನ್ಯೂ ರಸ್ತೆ, ಕನ್ನಡಕ್ಕೆ ಗಾಂಧಿನಗರ. ಅಲ್ಲೇ ಸಿಗದ್ದು ಶಿವಮೊಗ್ಗದಲ್ಲಿ ಏನು ಸಿಗುತ್ತೆ? ನಾನು ಹೋದಾಗ ಕಂಡಿದ್ದು ಗೈಡು, ನೋಟ್‌ಬುಕ್ಕು, ಸಿಇಟಿ ಪ್ರಶ್ನೆಪತ್ರಿಕೆ.

ಭದ್ರಾವತಿ_ಲೋಕಲ್
ಅವರು ಕೇಳಿದ್ದು ಎರಡು ದಿನ ಒಬ್ಬರೇ ಇರೋದರ ಬಗ್ಗೆ. ಎಲ್ಲಿ ಜಾಸ್ತಿ ಪುಸ್ತಕ ಇದೆ ಅಂತ ಅಲ್ಲ.

ಚರ್ಚ್‌ಸ್ಟ್ರೀಟ್_ಸಂಜೆ
ತಲೆಬರಹದಲ್ಲೇ 'ಬರೀ ಪುಸ್ತಕದಂಗಡಿ' ಅಂತ ಇದೆಯಲ್ಲ ಸ್ವಾಮಿ.

ಅಡಕೆ_ಚೊಗರು
ಎಂತ ಮಾರಾಯ್ರೆ, ಸ್ವಂತ ಚಿಕ್ಕಮ್ಮ ಊರಲ್ಲಿದ್ದೂ ಲಾಡ್ಜಾ! ನಮ್ಮ ಕಡೆ ಇದನ್ನ ಹೇಗೆ ತಗೋತಾರೆ ಅಂತ ನಿಮಗೇ ಗೊತ್ತು. ನಾಳೆ ಯಾರೋ ನೋಡಿ ಹೇಳಿದ್ರೆ, 'ಊರಿಗೆ ಬಂದವಳು ನಮ್ಮನೆ ಬಾಗಿಲು ತುಳೀಲಿಲ್ಲ' ಅಂತ ಅವರು ಮನಸ್ಸಿಗೆ ಹಚ್ಕೋತಾರೆ. ಅದು ಹತ್ತು ವರ್ಷ ಹೋಗಲ್ಲ. ಹೇಳಿ ಹೋಗಿ. 'ಹಗಲೆಲ್ಲ ಪೇಟೇಲಿ ಕೆಲಸ ಇದೆ, ರಾತ್ರಿ ಮಲಗೋಕೆ ಬರ್ತೀನಿ' ಅಂದ್ರೆ ಮುಗೀತು.

ಹೊರಟೆ_ನಾನು
@ಅಡಕೆ_ಚೊಗರು ಮುಗಿಯಲ್ಲ. 'ಏನು ಕೆಲಸ' ಅಂತ ಕೇಳ್ತಾರೆ. 'ಪುಸ್ತಕ ನೋಡೋದು' ಅಂದ್ರೆ 'ಅದಕ್ಕೆಂತ ಎರಡು ದಿನ, ನಿನ್ನ ತಮ್ಮನ್ನ ಕಳಿಸ್ತೀನಿ, ಸ್ಕೂಟರಲ್ಲಿ ಕರ್ಕೊಂಡು ಹೋಗ್ತಾನೆ' ಅಂತಾರೆ. ಮಧ್ಯಾಹ್ನ ಊಟಕ್ಕೆ ಕಾಯ್ತಾ ಕೂರ್ತಾರೆ. ಸಂಜೆ ನೋಡೋಕೆ ಅಂತ ಇನ್ನಿಬ್ಬರು ನೆಂಟರು ಬರ್ತಾರೆ. ಇದರಲ್ಲಿ ಯಾರದ್ದೂ ತಪ್ಪಿಲ್ಲ, ಎಲ್ಲವೂ ಅಕ್ಕರೆಯೇ. ಆದ್ರೆ ಒಬ್ಬಳೇ ಇರಬೇಕು ಅಂತ ಹೊರಟವಳಿಗೆ ಅದು ದಕ್ಕಲ್ಲ. ಗಂಡಸರಿಗೆ ಈ ಪ್ರಶ್ನೆನೇ ಬರಲ್ಲ, 'ಶಿವಮೊಗ್ಗದಲ್ಲಿ ಕೆಲಸ ಇತ್ತು, ಲಾಡ್ಜಲ್ಲಿದ್ದೆ' ಅಂದ್ರೆ ಕತೆ ಮುಗೀತು.

ರೂಮಿನ ವಿಷಯ. ನಾನು ಒಂಬತ್ತು ವರ್ಷದಿಂದ ಒಬ್ಬಳೇ ಓಡಾಡ್ತೀನಿ. ಮಲೆನಾಡಿನ ಒಂದು ಊರಲ್ಲಿ ರಾತ್ರಿ 8 ಗಂಟೆಗೆ ಮಳೆಯಲ್ಲಿ ನಿಂತಿದ್ದೆ. 'ಸಿಂಗಲ್ ಲೇಡೀಸ್‌ಗೆ ಕೊಡಲ್ಲ' ಅಂದ್ರು. ಹಾಗೊಂದು ಕಾನೂನು ಇಲ್ಲ, ಅದು ಅವರವರೇ ಮಾಡಿಕೊಂಡ ರೂಲ್ಸು. ಆದ್ರೆ ಆ ಹೊತ್ತಲ್ಲಿ ಕಾನೂನು ಮಾತಾಡಿ ರೂಮ್ ಸಿಗಲ್ಲ. ಅವತ್ತಿಂದ ನಾನು ಮಾಡೋದು ಇಷ್ಟು: ಎರಡು ದಿನ ಮೊದಲೇ ಫೋನ್ ಮಾಡ್ತೀನಿ, 'ನಾನೊಬ್ಬಳೇ, ಎರಡು ರಾತ್ರಿ' ಅಂತ ಬಾಯಿಬಿಟ್ಟು ಹೇಳ್ತೀನಿ, ಮಾತಾಡಿದವರ ಹೆಸರು ಕೇಳ್ತೀನಿ, ಅದೇ ನಂಬರಿಗೆ ಮೆಸೇಜ್ ಹಾಕಿ 'ಸರಿ' ಅಂತ ಉತ್ತರ ತರಿಸ್ಕೋತೀನಿ. ಬಸ್ ಸ್ಟ್ಯಾಂಡ್ ಹತ್ತಿರದ ಕುಟುಂಬಗಳು ಇಳಿಯೋ ಲಾಡ್ಜ್ ನೋಡಿ, ರಸ್ತೆ ಕಡೆಗಿರದ ರೂಮ್ ಕೇಳಿ. ಓದೋದಕ್ಕೆ ಕ್ಲಿಪ್ ಹಾಕೋ ಸಣ್ಣ ದೀಪ ತಗೊಂಡು ಹೋಗಿ. ಲಾಡ್ಜಿನ ಟ್ಯೂಬ್‌ಲೈಟ್ ಯಾವಾಗಲೂ ಮಂಚದ ಕಾಲ ಕಡೆ ಇರುತ್ತೆ.

ಮಂಡಕ್ಕಿ_ಪೊಟ್ಲೆ
ಆ ದೀಪದ ಮಾತು ನೂರಕ್ಕೆ ನೂರು ನಿಜ.

ರ್ಯಾಕ್_3
ನಾನು ಮಲೆನಾಡಿನ ಒಂದು ಪುಸ್ತಕದಂಗಡೀಲಿ 11 ವರ್ಷ ಕೆಲಸ ಮಾಡಿದವನು. ಚರ್ಚ್‌ಸ್ಟ್ರೀಟ್ ಅವರು ಕಂಡಿದ್ದು ಸುಳ್ಳಲ್ಲ, ಆದ್ರೆ ಅವರು ಕೌಂಟರ್ ಮಾತ್ರ ನೋಡಿದ್ದಾರೆ.

ಮೇ ಕೊನೆಯಿಂದ ಜುಲೈವರೆಗೆ ಅಂಗಡಿ ಶಾಲೆ ಮಕ್ಕಳದ್ದು. ಬೈಂಡು, ಲಾಂಗ್ ಬುಕ್, ಲೇಬಲ್ಲು, ಗೈಡು. ಇಡೀ ವರ್ಷದ ಬಾಡಿಗೆ ಹುಟ್ಟೋದು ಆ ಎರಡು ತಿಂಗಳಲ್ಲಿ. ಉಳಿದ ತಿಂಗಳು ಕೆಎಎಸ್, ಎಫ್‌ಡಿಎ, ಪಿಎಸ್‌ಐ, ನೀಟ್. ಕಥೆ ಕಾದಂಬರಿ ಹಿಂದಿನ ರ್ಯಾಕಿಗೆ ಹೋಗುತ್ತೆ, ಕೆಲವು ಕಡೆ ಅಟ್ಟಕ್ಕೆ. ಕನ್ನಡ ಸಾಹಿತ್ಯದ ಪುಸ್ತಕ ಬಹಳಷ್ಟು ಸಲ 'ಮಾರಿದ ಮೇಲೆ ದುಡ್ಡು' ಅನ್ನೋ ಲೆಕ್ಕದಲ್ಲಿ ಬರುತ್ತೆ. ಈಗ ಮೊದಲ ಮುದ್ರಣ ಅಂದ್ರೆ 500, ಹೆಚ್ಚೆಂದ್ರೆ 1,000 ಪ್ರತಿ. ಗ್ರಂಥಾಲಯ ಇಲಾಖೆ ಆಯ್ಕೆ ಮಾಡಿದ್ರೆ ಅದರಲ್ಲಿ 300 ಅಲ್ಲಿಗೆ. ಮಿಕ್ಕಿದ್ದು ಬೆಂಗಳೂರು, ಮೈಸೂರು, ಧಾರವಾಡಕ್ಕೆಲ್ಲ ಹಂಚಿ ನಮ್ಮ ಕಡೆಯ ಒಂದು ಅಂಗಡಿಗೆ ಮುಟ್ಟೋದು ಮೂರೋ ಐದೋ. ಹಾಗಾಗಿ ಹೋದ ತಿಂಗಳು ಬಿಡುಗಡೆಯಾಗಿದ್ದು ಕೇಳಿದ್ರೆ 'ಇಲ್ಲ' ಅಂತಾರೆ. ಹದಿನೈದು ವರ್ಷದ ಹಿಂದಿನದ್ದು ಕೇಳಿ. ವಾಪಸ್ ಕಳಿಸದೆ ಉಳಿದ ಪ್ರತಿಗಳು, ಮುದ್ರಿಸಿದ ಹಳೇ ಬೆಲೆ. ಬೆಂಗಳೂರಲ್ಲಿ ಯಾವತ್ತೋ ಖಾಲಿಯಾದದ್ದು ಇಲ್ಲಿ ಧೂಳು ಹಿಡ್ಕೊಂಡು ಕೂತಿರುತ್ತೆ. ಕೆ.ಜಿ. ಲೆಕ್ಕದಲ್ಲಿ ಹಾಕೋಕೆ ನಮ್ಮ ಯಜಮಾನರಿಗೆ ಮನಸ್ಸು ಬರ್ತಿರಲಿಲ್ಲ.

ಕೌಂಟರಲ್ಲಿ 'ಏನು ಬೇಕು ಮೇಡಂ' ಅಂತ ಕೇಳ್ತಾರೆ. ಗಾಬರಿ ಆಗಬೇಡಿ. 'ಸಾಹಿತ್ಯ ಎಲ್ಲಿದೆ, ನಾನೇ ನೋಡ್ಕೋತೀನಿ, ಟೈಮ್ ಆಗುತ್ತೆ' ಅನ್ನಿ. ಒಳಗೆ ಬಿಡ್ತಾರೆ. ಬೆಳಿಗ್ಗೆ 11ರಿಂದ 1ರವರೆಗೆ ಹೋಗಿ, ಶಾಲೆ ಬಿಡೋ ಹೊತ್ತಿಗೆ ಬೇಡ.

ಚರ್ಚ್‌ಸ್ಟ್ರೀಟ್_ಸಂಜೆ
@ರ್ಯಾಕ್_3 ಇದು ನನಗೆ ಗೊತ್ತಿರಲಿಲ್ಲ. 'ನಾನೇ ನೋಡ್ಕೋತೀನಿ' ಅಂತ ಕೇಳೋದು ನನಗೆ ಹೊಳೆದೇ ಇರಲಿಲ್ಲ. ಆದ್ರೂ ಕೆಲವು ಕಡೆ ಹಳೇ ಬೆಲೆ ಮೇಲೆ ಹೊಸ ಚೀಟಿ ಅಂಟಿಸ್ತಾರಲ್ಲ, ಅದೆಂತ ನ್ಯಾಯ?

ರ್ಯಾಕ್_3
ಹೆಚ್ಚಿನ ಸಲ ಅದನ್ನ ಅಂಟಿಸೋದು ಪ್ರಕಾಶಕರೇ. ಹೊಸ ಕಾಗದದ ರೇಟಿಗೆ ಹಳೇ ದಾಸ್ತಾನನ್ನೂ ಏರಿಸ್ತಾರೆ. ನನಗೂ ಸರಿ ಅನ್ನಿಸ್ತಿರಲಿಲ್ಲ. ಆದ್ರೆ 300 ರೂಪಾಯಿ ಪುಸ್ತಕ ಮೂರು ವರ್ಷ ರ್ಯಾಕಲ್ಲಿ ಕೂತ್ರೆ ಅದರ ಜಾಗದ ಬಾಡಿಗೆ ಯಾರು ಕೊಡ್ತಾರೆ ಅಂತ ಅವರೂ ಕೇಳ್ತಾರೆ.

ಹೆಗ್ಗೋಡು_ಹಾದಿ
ಪುಸ್ತಕ ಅಂತ ಹೊರಟವರು ಹೆಗ್ಗೋಡಿಗೆ ಹೋಗದಿದ್ರೆ ಹೇಗೆ? ತಾಳಗುಪ್ಪ ರೈಲಿಗೆ ಬಂದು ಸಾಗರ ಜಂಬಗಾರು ಸ್ಟೇಷನ್ನಲ್ಲಿ ಇಳಿದ್ರೆ ಅಲ್ಲಿಂದ ಹತ್ತಿರ. ಅಕ್ಷರ ಪ್ರಕಾಶನ 1957ರಿಂದ ಇರೋದು ಅಲ್ಲಿ, ನೀನಾಸಮ್ ನಾಟಕ ಸಂಸ್ಥೆ 1949ರಿಂದ. ಒಂದು ಹಳ್ಳಿಯಿಂದ ಇಷ್ಟು ವರ್ಷ ಪುಸ್ತಕ ಬರ್ತಾ ಇರೋದು ಸಣ್ಣ ವಿಷಯ ಅಲ್ಲ. ಇಡೀ ದಿನ ಮರದ ಕೆಳಗೆ ಕೂತು ಓದಿದ್ರೂ ಯಾರೂ ಏನೂ ಕೇಳಲ್ಲ. ಅಕ್ಟೋಬರಿನ ಸಂಸ್ಕೃತಿ ಶಿಬಿರದ ಹೊತ್ತಲ್ಲಿ ಮಾತ್ರ ಜನ ಜಾಸ್ತಿ. ಅಲ್ಲಿಂದ ಕೆಳದಿಗೂ ಹೋಗಿ, ಅಲ್ಲಿನ ಮ್ಯೂಸಿಯಮ್ಮಲ್ಲಿ ತಾಳೆಗರಿ ಇವೆ.

ತುಂಗೆ_ದಂಡೆ
ಇದೇ ನೋಡಿ ತೊಂದರೆ. ಶಿವಮೊಗ್ಗದ ಬಗ್ಗೆ ಕೇಳಿದ್ರೂ ನಮ್ಮವರು ಅದನ್ನ ದಾಟಿ ಹೋಗೋದನ್ನೇ ಹೇಳ್ತಾರೆ. ಅವರು ಹದಿನೇಳು ವರ್ಷ ದಾಟಿ ಹೋಗಿದ್ದಾರೆ, ಈ ಸಲ ನಿಲ್ತೀನಿ ಅಂತಿದ್ದಾರೆ. ನಿಲ್ಲಲಿ ಬಿಡಿ.

ಶಿವಮೊಗ್ಗವೂ ಪುಸ್ತಕದ ಊರೇ. ಕರ್ನಾಟಕ ಸಂಘ 1930ರಿಂದ ಇದೆ, ಪ್ರತಿ ವರ್ಷ ರಾಜ್ಯದ ಲೇಖಕರಿಗೆ ಪುಸ್ತಕ ಬಹುಮಾನ ಕೊಡುತ್ತೆ. ಅಹರ್ನಿಶಿ, ಗೀತಾಂಜಲಿ ಇವೆರಡೂ ಶಿವಮೊಗ್ಗದ ಪ್ರಕಾಶನಗಳು. ಅಂಗಡೀಲಿ 'ನಮ್ಮೂರಲ್ಲೇ ಅಚ್ಚಾಗಿದ್ದು ತೋರಿಸಿ' ಅಂತ ಕೇಳಿ, ಖುಷಿಯಿಂದ ತೆಗೆದು ಕೊಡ್ತಾರೆ. ಸಾಹಿತ್ಯ ಸಮ್ಮೇಳನ ಇಲ್ಲಿ 1976ರಲ್ಲಿ ಆಗಿತ್ತು, 2006ರಲ್ಲಿ ಮತ್ತೆ ಆಯ್ತು. 2006ರಲ್ಲಿ ನಾನು ಪುಸ್ತಕದ ಮಳಿಗೆಗಳಲ್ಲಿ ಮೂರು ದಿನ ಸುತ್ತಿದವನು. ಚೀಲ ಹರಿದು ಪುಸ್ತಕ ರಸ್ತೆಗೆ ಬಿದ್ದಾಗ ಕಬ್ಬಿನಹಾಲಿನ ಗಾಡಿಯವನು ತನ್ನ ಗೋಣಿಚೀಲ ಕೊಟ್ಟ. ಆ ಚೀಲ ಇನ್ನೂ ಇದೆ ನಮ್ಮನೇಲಿ.

ಭದ್ರಾವತಿ_ಲೋಕಲ್
ಸರ್, ವಿಶ್ವವಿದ್ಯಾಲಯದ ಪ್ರಸಾರಾಂಗ ಬಿಟ್ರಿ. ಶಂಕರಘಟ್ಟ ನಮ್ಮ ಭದ್ರಾವತಿ ಕಡೆ. ಕುವೆಂಪು ವಿವಿ ಪ್ರಕಟಣೆಗಳು ಅಗ್ಗ, ಅಂಗಡಿಗಳಲ್ಲಿ ಸುಲಭಕ್ಕೆ ಸಿಗಲ್ಲ.

ಹೆಗ್ಗೋಡು_ಹಾದಿ
@ತುಂಗೆ_ದಂಡೆ ಒಪ್ಪಿದೆ. ಹೆಗ್ಗೋಡು ಮುಂದಿನ ಸಲಕ್ಕೆ ಇರ್ಲಿ. ಆದ್ರೆ ತೀರ್ಥಹಳ್ಳಿಯವರು ನೀವು, ಕುಪ್ಪಳಿಯನ್ನಾದರೂ ನೋಡಿದೀರಾ?

ಕಿಟಕಿಸೀಟು
ಕುಪ್ಪಳಿಗೆ ಚಿಕ್ಕವಳಿದ್ದಾಗಿಂದ ಹೋಗ್ತಾ ಇದೀನಿ. ಕವಿಶೈಲದ ಬಂಡೆ ಮೇಲೆ ಶಾಲೆಯವರ ಜೊತೆ ಊಟದ ಡಬ್ಬಿ ಬಿಚ್ಚಿದ ನೆನಪಿದೆ. ಕವಿಮನೆಯ ಮರದ ಮೆಟ್ಟಿಲು, ಆ ಕತ್ತಲೆ, ಜಗಲಿ ಎಲ್ಲಾ ನಮ್ಮಜ್ಜನ ಮನೆ ಥರನೇ. ಎಲ್ಲರೂ ಎಷ್ಟು ವಿವರವಾಗಿ ಬರೀತಿದೀರಿ, ತುಂಬಾ ಥ್ಯಾಂಕ್ಸ್. @ರ್ಯಾಕ್_3 ನಿಮ್ಮ ಪೋಸ್ಟ್ ಮೂರು ಸಲ ಓದಿದೆ.

ನೆನೆದ_ಛತ್ರಿ
ಪುಸ್ತಕ ಕೊಂಡು ಬಸ್ಸಲ್ಲಿ ಹೊರೋದ್ಯಾಕೆ? ನೋಡಿ ಇಷ್ಟವಾದದ್ದನ್ನ ಫೋಟೋ ಹೊಡ್ಕೊಂಡು ಆನ್‌ಲೈನಲ್ಲಿ ತರಿಸಿ, ಡಿಸ್ಕೌಂಟೂ ಸಿಗುತ್ತೆ.

ರ್ಯಾಕ್_3
ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಅಂಗಡಿ ಮುಚ್ಚಿದ್ದು ಹೀಗೇ. ಬರ್ತಾರೆ, ಅರ್ಧ ಗಂಟೆ ಓದ್ತಾರೆ, ಫೋಟೋ ಹೊಡೀತಾರೆ, ಹೋಗ್ತಾರೆ. ನಾನು ಧೂಳು ಒರೆಸಿ ಮತ್ತೆ ಜೋಡಿಸ್ತಿದ್ದೆ.

ನೆನೆದ_ಛತ್ರಿ
ಕ್ಷಮಿಸಿ ಸರ್, ಆ ದಿಕ್ಕಲ್ಲಿ ಯೋಚಿಸಿರಲಿಲ್ಲ.

ತುಂಗೆ_ದಂಡೆ
ಭಾರ ಆದ್ರೆ ಅಂಚೆಗೆ ಹಾಕ್ತಿದ್ವಿ ನಾವು. ಪುಸ್ತಕಕ್ಕೆ ಅಂತಲೇ ಕಡಿಮೆ ದರದ ರಿಜಿಸ್ಟರ್ಡ್ ಅಂಚೆ ಇತ್ತು, 2024ರ ಡಿಸೆಂಬರಲ್ಲಿ ಅದನ್ನ ನಿಲ್ಲಿಸಿದ್ರು. ಸಣ್ಣ ಪ್ರಕಾಶಕರಿಗೆ, ಹಳ್ಳಿ ಓದುಗರಿಗೆ ಅದರಿಂದ ದೊಡ್ಡ ಪೆಟ್ಟು. 150 ರೂಪಾಯಿ ಪುಸ್ತಕ ತರಿಸೋಕೆ ಸಾಗಣೆಗೆಷ್ಟು ಅಂತ ಲೆಕ್ಕ ಹಾಕೋ ಹಾಗಾಯ್ತು ಆಗ.

ಕಪ್ಪುಹಂಚು
ಈ ಚರ್ಚೆಯಲ್ಲಿ ಯಾರೂ ಮಳೆ ಬಗ್ಗೆ ಹೇಳಿಲ್ಲ. ಸೆಪ್ಟೆಂಬರಲ್ಲಿ ಹಳೇ ಪ್ರತಿ ತಗೋತೀರಿ ಅಂದ್ರೆ ಬೆನ್ನಿನ ಹತ್ತಿರ ಬಿಡಿಸಿ ಮೂಸಿ ನೋಡಿ. ಬೂಷ್ಟು ವಾಸನೆ ಇದ್ರೆ ಮನೆಯಲ್ಲಿರೋ ಬೇರೆ ಪುಸ್ತಕದ ಜೊತೆ ಇಡಬೇಡಿ. ನಮ್ಮ ಕಡೆ ಜೂನ್‌ನಿಂದ ಪುಸ್ತಕಕ್ಕೆ ಎರಡು ಶತ್ರು, ಬೂಷ್ಟು ಮತ್ತೆ ಗೆದ್ದಲು. ಗೋಡೆಗೆ ತಾಗಿಸಿ ಕಪಾಟು ಇಟ್ರೆ ಗೋಡೆಯ ತೇವ ನೇರ ಹಿಂದಿನ ಸಾಲಿಗೆ ಬರುತ್ತೆ. ನಾಲ್ಕು ಬೆರಳು ಜಾಗ ಬಿಡಬೇಕು. ನಮ್ಮಜ್ಜಿ ಪಂಚಾಂಗ, ಮಹಾಭಾರತದ ಪುಸ್ತಕ ಎಲ್ಲಾ ಒಲೆ ಮೇಲಿನ ಅಟ್ಟದಲ್ಲಿ ಇಡ್ತಿದ್ರು. ಹೊಗೆ ಹಿಡಿದು ಕಂದಾಗ್ತಿತ್ತು, ಆದ್ರೆ ಒಂದು ಹಾಳೆ ಹಾಳಾಗ್ತಿರಲಿಲ್ಲ. ಗ್ಯಾಸ್ ಬಂತು, ಅಟ್ಟ ತಣ್ಣಗಾಯ್ತು, ಅದೇ ಮಳೆಗಾಲ ಗೆದ್ದಲು ಹತ್ತಿತು.

ಅಡಕೆ_ಚೊಗರು
ಅಯ್ಯೋ, ನಮ್ಮನೇಲೂ ಇದೇ ಕತೆ. ಅಪ್ಪನ ಡೈರಿಗಳು ಹೋದವು.

ಮಂಡಕ್ಕಿ_ಪೊಟ್ಲೆ
ಊಟ ತಿಂಡಿ ಯಾರೂ ಹೇಳ್ಲಿಲ್ಲ. ಬಿ.ಹೆಚ್. ರಸ್ತೆಯ ಮೀನಾಕ್ಷಿ ಭವನದಲ್ಲಿ ಬೆಳಿಗ್ಗೆ ತಿಂಡಿ. ಸಂಜೆ ಗಾಡಿಯ ಖಾರ ಮಂಡಕ್ಕಿ, ಕಾಗದದ ಪೊಟ್ಟಣದಲ್ಲಿ ಕಟ್ಟಿಸ್ಕೊಂಡು ಗಾಂಧಿ ಪಾರ್ಕಲ್ಲಿ ಕೂತು ತಿನ್ನಿ. ಪುಸ್ತಕ ಮುಟ್ಟೋ ಮೊದಲು ಕೈ ತೊಳ್ಕೊಳ್ಳಿ, ಮಂಡಕ್ಕಿ ಎಣ್ಣೆ ಹಾಳೆಯಿಂದ ಹೋಗಲ್ಲ.

ನಿರ್ವಾಹಕ
ದಾವಣಗೆರೆ ಮಂಡಕ್ಕಿ ಮೇಲೋ ಶಿವಮೊಗ್ಗದ್ದೋ ಅನ್ನೋ 14 ಉತ್ತರಗಳನ್ನ ಬೇರೆ ಎಳೆಗೆ ಸರಿಸಿದ್ದೇನೆ. ಇಲ್ಲಿ ಮೂಲ ವಿಷಯ ಮುಂದುವರಿಸಿ.

ಹೊರಟೆ_ನಾನು
@ಕಿಟಕಿಸೀಟು ಚಿಕ್ಕಮ್ಮನ ವಿಷಯ ಏನು ಮಾಡಿದ್ರಿ?

ಕಿಟಕಿಸೀಟು
ಹೇಳಿಲ್ಲ. ರೂಮ್ ಬುಕ್ ಆಯ್ತು. ನೀವು ಹೇಳಿದ ಹಾಗೆ 'ಒಬ್ಬಳೇ' ಅಂತ ಮೊದಲೇ ಹೇಳಿದೆ, ಅವರೇನೂ ಅನ್ನಲಿಲ್ಲ. ನಾಳೆ ರಾತ್ರಿ ಬಸ್ಸು.

ಅಡಕೆ_ಚೊಗರು
ನನ್ನ ಮನಸ್ಸು ಒಪ್ಪಲ್ಲ. ಆದ್ರೂ ಹುಷಾರಾಗಿ ಹೋಗಿ ಬನ್ನಿ ತಂಗಿ. ಮಳೆ ಇದೆ.

ಕಿಟಕಿಸೀಟು
ಹೋಗಿ ಬಂದೆ. ಉದ್ದ ಆಗುತ್ತೆ, ಓದಿ.

ಬುಧವಾರ ಬೆಳಿಗ್ಗೆ ಐದೂಕಾಲಿಗೆ ಇಳಿದೆ. ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಕೂಗ್ತಾ ಇದ್ರು, ಕಾಲು ತಾನಾಗೇ ಆ ಕಡೆ ಹೋಯ್ತು. ನಿಂತೆ. ಬಸ್ಸು ಹೊರಟು ಹೋಗೋದನ್ನ ನೋಡ್ತಾ ಕಾಫಿ ಕುಡಿದೆ. ಅಷ್ಟು ವರ್ಷದಲ್ಲಿ ಆ ಬಸ್ಸನ್ನ ಹೊರಗಿಂದ ನೋಡಿದ್ದು ಅವತ್ತೇ.

ರೂಮ್ ಸಿಗೋದು ಮಧ್ಯಾಹ್ನ ಅಂದ್ರು, ಬ್ಯಾಗ್ ಮಾತ್ರ ಇಟ್ಕೊಂಡ್ರು. ತುಂಗೆ ಹತ್ರ ಹೋದೆ. ನೀರು ಕೆಂಪಗೆ, ತುಂಬಾ ಹರೀತಿತ್ತು. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ಕೋರ್ಪಲಯ್ಯನ ಛತ್ರದ ಮಂಟಪ ತೋರಿಸಿ, 'ಅದು ಮುಳುಗಿದ್ರೆ ಮಾತ್ರ ನಾವು ಹೊಳೆ ಬಂತು ಅನ್ನೋದು, ಇದೆಲ್ಲ ಲೆಕ್ಕಕ್ಕಿಲ್ಲ' ಅಂದ್ರು. ಅಲ್ಲಿ ಒಂಬತ್ತೂವರೆವರೆಗೆ ಕೂತೆ. ಓದಲಿಲ್ಲ. ಬ್ಯಾಗಲ್ಲಿ ಪುಸ್ತಕ ಇತ್ತು, ತೆಗೀಬೇಕು ಅನ್ನಿಸಲಿಲ್ಲ.

ಮೊದಲನೇ ಅಂಗಡೀಲಿ ಹುಡುಗ 'ಯಾವ ಎಕ್ಸಾಮ್ ಮೇಡಂ?' ಅಂದ. ರ್ಯಾಕ್_3 ಹೇಳಿಕೊಟ್ಟ ಮಾತನ್ನೇ ಹೇಳಿದೆ. ಒಂದು ಸ್ಟೂಲ್ ತಂದುಕೊಟ್ಟು, ಲೈಟ್ ಹಾಕಿ ಹೋದ. ಒಂದೂವರೆ ಗಂಟೆ ಆ ಸ್ಟೂಲ್ ಮೇಲೆ ಕೂತಿದ್ದೆ. ಕೆಳಗಿನ ಸಾಲಲ್ಲಿ 60, 75, 90 ರೂಪಾಯಿ ಬೆಲೆಯ ಪುಸ್ತಕಗಳು, ಮೇಲಿನ ಅಂಚು ಹಳದಿ ಆಗಿದ್ದವು, ಒಳಗಡೆ ಹೊಸದರ ಹಾಗೇ. ಒಂದು ಪ್ರಬಂಧ ಸಂಕಲನದ ಹಾಳೆಗಳು ಇನ್ನೂ ಅಂಟಿಕೊಂಡೇ ಇದ್ದವು, ಅಚ್ಚಾದ ಮೇಲೆ ಯಾರೂ ಬಿಡಿಸಿಲ್ಲ. ನಾಲ್ಕು ತಗೊಂಡೆ, ಒಟ್ಟು 310 ರೂಪಾಯಿ. ಆ ಹುಡುಗ ಕಾಗದ ಸುತ್ತಿ ಸೆಣಬಿನ ದಾರದಲ್ಲಿ ಕಟ್ಟಿಕೊಟ್ಟ. ಮಳೆ ಇದೆ ಅಂತ ಮೇಲೊಂದು ಪ್ಲಾಸ್ಟಿಕ್.

ಎರಡನೇ ಅಂಗಡಿಯ ಯಜಮಾನರು ವಯಸ್ಸಾದವರು. 'ಊರು ಯಾವುದು?' ಅಂದ್ರು. ಹೇಳಿದೆ. 'ಅಲ್ಲಿ ಯಾರ ಮನೆ?' ಹೇಳಲೇಬೇಕಾಯ್ತು. ನಮ್ಮ ದೊಡ್ಡಪ್ಪ ಪ್ರತಿ ವರ್ಷ ಜೂನಲ್ಲಿ ಶಾಲೆಗೆ ಪುಸ್ತಕ ಕೊಳ್ಳೋಕೆ ಅಲ್ಲಿಗೇ ಬರ್ತಿದ್ರಂತೆ, ಅವರು ಕೂರ್ತಿದ್ದ ಬೆಂಚ್ ತೋರಿಸಿದ್ರು. ದೊಡ್ಡಪ್ಪ ಹೋಗಿ ಎಂಟು ವರ್ಷ. ನಾನು ಆ ಬೆಂಚಲ್ಲೇ ಕೂತು ಪುಟ ತಿರುಗಿಸ್ತಿದ್ದೆ, ಅಕ್ಷರ ಕಾಣ್ತಿರಲಿಲ್ಲ. ಅವರು ಏನೂ ಮಾತಾಡದೆ ಲೆಕ್ಕದ ಪುಸ್ತಕ ಬರೀತಾ ಇದ್ರು. ಅಲ್ಲಿ ನಮ್ಮೂರ ಕಡೆಯ ಗಾದೆಗಳ ಪುಸ್ತಕ ಸಿಕ್ತು.

ರಾತ್ರಿ ಹನ್ನೊಂದರವರೆಗೆ ಓದಿದೆ. ಕ್ಲಿಪ್ ದೀಪ ಬಹಳ ಉಪಯೋಗಕ್ಕೆ ಬಂತು. ಟ್ಯೂಬ್‌ಲೈಟ್ ಕಾಲ ಕಡೆನೇ ಇತ್ತು.

ಗುರುವಾರ ಬೆಳಿಗ್ಗೆ ಎದ್ದವಳು ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಯಾರೂ ನೋಡಿರಲಿಲ್ಲ, ಯಾರೂ ಹೇಳಿರಲಿಲ್ಲ. ನನಗೇ ಅನ್ನಿಸ್ತು. 'ಶಿವಮೊಗ್ಗದಲ್ಲೇ ಇದೀನಿ, ನಿನ್ನೆ ಬಂದೆ, ಲಾಡ್ಜಲ್ಲಿದ್ದೆ' ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ 'ತಿಂಡಿ ಆಯ್ತಾ?' ಅಂದ್ರು. ಅದಾದ ಮೇಲೆ ಚೆನ್ನಾಗಿ ಬೈದ್ರು. ಬೈದು ಮುಗಿಸಿ, 'ಬರ್ತಾ ಒಂದು 200 ಪುಟದ ಲಾಂಗ್ ಬುಕ್ ತಗೊಂಡು ಬಾ, ಗೆರೆ ಇರೋದು. ಇಲ್ಲಿ ಹತ್ರದಲ್ಲಿ ಸಿಗೋದೆಲ್ಲ ಶಾಯಿ ಹರಡುತ್ತೆ' ಅಂದ್ರು.

ಊಟಕ್ಕೆ ಹೋದೆ. ಕಳಲೆ ಪಲ್ಯ ಮಾಡಿದ್ರು. ಲಾಂಗ್ ಬುಕ್ ಯಾಕೆ ಅಂತ ಕೇಳಿದೆ. ಟ್ರಂಕ್ ತೆಗೆದು ನಾಲ್ಕು ನೋಟ್‌ಬುಕ್ ತೋರಿಸಿದ್ರು. ಹಸೆ ಹಾಡು, ಆರತಿ ಹಾಡು, ಎಣ್ಣೆ ಶಾಸ್ತ್ರದ್ದು, ಬೀಗರನ್ನ ಹಾಸ್ಯ ಮಾಡೋ ಹಾಡು. ಅಮ್ಮಮ್ಮ ಬಾಯಲ್ಲಿ ಹೇಳ್ತಿದ್ದದ್ದನ್ನ ಚಿಕ್ಕಮ್ಮ ಮದುವೆಗೆ ಮುಂಚೆ ಬರೆದಿಟ್ಟಿದ್ದು. ಒಂದು ಪುಸ್ತಕದ ಅಂಚು ಪೂರ್ತಿ ಹುಳ ತಿಂದಿದೆ, ಸಾಲುಗಳ ಕೊನೆ ಅಕ್ಷರಗಳಿಲ್ಲ. ನೆನಪಿರುವಾಗಲೇ ಹೊಸದರಲ್ಲಿ ಬರೆದಿಡಬೇಕು ಅಂತ ಹೊರಟಿದ್ದಾರೆ. ನನಗೆ ಈ ವಿಷಯ ಗೊತ್ತೇ ಇರಲಿಲ್ಲ. ಹೋದಾಗೆಲ್ಲ ಊಟ, ಮಾತು, ನೆಂಟರು, ಬಸ್ಸಿಗೆ ಹೊತ್ತಾಯ್ತು ಅಂತ ಓಡೋದು.

ಊಟ ಆದ ಮೇಲೆ ಚಿಕ್ಕಮ್ಮ ಮಲಗಿದ್ರು. ನಾನು ಜಗಲೀಲಿ ಕೂತು ಸಂಜೆ ಐದರವರೆಗೆ ನಾಲ್ಕೂ ಓದಿದೆ. ಮಳೆ ಹೊಡೀತಾ ಇತ್ತು. ಯಾರೂ ಬರಲಿಲ್ಲ.

ಹೊರಟೆ_ನಾನು
ಬೆಂಚಿನ ವಿಷಯ ಓದಿ ಸುಮ್ಮನೆ ಕೂತೆ.

ಅಡಕೆ_ಚೊಗರು
ನಾನು ಹೇಳಿದ್ದು ಇದನ್ನೇ. ಚಿಕ್ಕಮ್ಮ ಅಂದ್ರೆ ಚಿಕ್ಕಮ್ಮನೇ.

ಹೊರಟೆ_ನಾನು
ನೀವು ಹೇಳಿದ್ದು ಮೊದಲೇ ಹೇಳಿ ಹೋಗಿ ಅಂತ. ಅವರು ಒಂದು ದಿನ ತಮ್ಮದಾಗಿ ಕಳೆದು, ತಾವಾಗೇ ಮನಸ್ಸು ಬಂದು ಫೋನ್ ಮಾಡಿದ್ರು. ಆ ಬುಧವಾರ ಇರದಿದ್ರೆ ಗುರುವಾರ ಹೀಗೆ ಕೂತು ಓದ್ತಿದ್ರಾ?

ಅಡಕೆ_ಚೊಗರು
ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಇರ್ಲಿ. ನನ್ನ ಮಗಳೂ ಬೆಂಗಳೂರಲ್ಲಿದ್ದಾಳೆ. ಈ ಪೋಸ್ಟ್ ಅವಳಿಗೆ ಕಳಿಸಿದೆ.

ರ್ಯಾಕ್_3
ಅಂಟಿಕೊಂಡ ಹಾಳೆಗಳನ್ನ ಉಗುರಲ್ಲಿ ಬಿಡಿಸಬೇಡಿ, ತೆಳು ಸ್ಕೇಲ್ ಇಟ್ಟು ಒಳಗಿಂದ ಹೊರಗೆ ಎಳೀರಿ. ಸ್ಟೂಲ್ ಕೊಟ್ಟ ಹುಡುಗನ ಬಗ್ಗೆ ಓದಿ ತುಂಬಾ ಸಂತೋಷ ಆಯ್ತು. ನನಗೂ ಮೊದಲ ದಿನ ಯಜಮಾನರು ಹೇಳಿದ್ದು ಅದೇ, ನಿಂತು ನೋಡೋರಿಗೆ ಮೊದಲು ಕೂರೋಕೆ ಕೊಡು ಅಂತ.

ಕಪ್ಪುಹಂಚು
@ಕಿಟಕಿಸೀಟು ಚಿಕ್ಕಮ್ಮನ ನೋಟ್‌ಬುಕ್ ದಯವಿಟ್ಟು ಟ್ರಂಕಲ್ಲಿ ಹಾಗೇ ಇಡಬೇಡಿ. ಕಬ್ಬಿಣದ ಟ್ರಂಕ್ ಮಳೆಗಾಲದಲ್ಲಿ ಒಳಗೇ ಬೆವರುತ್ತೆ. ಬಿಸಿಲು ಬಿದ್ದ ದಿನ ನೆರಳಲ್ಲಿ ಗಾಳಿಗೆ ಬಿಡಿಸಿಡಿ, ನೇರ ಬಿಸಿಲು ಬೇಡ, ಹಳೇ ಶಾಯಿ ಮಾಸುತ್ತೆ. ಹುಳ ಹಿಡಿದಿರೋದನ್ನ ಬೇರೆ ಇಡಿ. ಪ್ರತಿ ಪುಟದ ಫೋಟೋ ತೆಗೀರಿ, ಕಿಟಕಿ ಪಕ್ಕ, ಹಗಲು ಬೆಳಕಲ್ಲಿ, ಫ್ಲ್ಯಾಶ್ ಹಾಕದೆ. ಹೊಸದಾಗಿ ಬರೆಯೋಕೆ ಜೆಲ್ ಪೆನ್ ಬೇಡ, ತೇವಕ್ಕೆ ಹರಡುತ್ತೆ. ಬಾಲ್ ಪೆನ್ ಇರ್ಲಿ.

ಚರ್ಚ್‌ಸ್ಟ್ರೀಟ್_ಸಂಜೆ
ಮೊದಲು ನಾನು ಬರೆದದ್ದನ್ನ ಹಿಂದಕ್ಕೆ ತಗೊಂಡೆ. ಒಂದು ಪ್ರಶ್ನೆ, ಆ ಗಾದೆ ಪುಸ್ತಕ ಇನ್ನೊಂದು ಪ್ರತಿ ಇತ್ತಾ ಅಲ್ಲಿ?

ಕಿಟಕಿಸೀಟು
ಎರಡಿದ್ದವು. ಒಂದು ನಾನು ತಗೊಂಡೆ. ಇನ್ನೊಂದು ಕಿಟಕಿ ಪಕ್ಕದ ರ್ಯಾಕಲ್ಲಿ, ಮೇಲಿಂದ ಎರಡನೇ ಸಾಲು. ನೀವೇ ಹೋಗಿ ತಗೊಳ್ಳಿ, ಫೋನ್ ಮಾಡಿ ಕಳಿಸಿ ಅನ್ನಬೇಡಿ.

@ಕಪ್ಪುಹಂಚು ಬಾಲ್ ಪೆನ್ ವಿಷಯ ಇವತ್ತೇ ಫೋನಲ್ಲಿ ಹೇಳಿದೆ. ಅವರು ಆಗಲೇ ಹನ್ನೆರಡು ಪುಟ ಜೆಲ್ಲಲ್ಲಿ ಬರೆದಾಗಿದೆಯಂತೆ. ಹುಳ ತಿಂದ ಪುಸ್ತಕದಲ್ಲಿ ಸುಮಾರು ಮೂವತ್ತು ಹಾಡಿದೆ, ಕೊನೆ ಅಕ್ಷರ ಹೋದ ಸಾಲುಗಳನ್ನ ಅವರು ಹಾಡಿ ನೋಡಿದ್ರೆ ತಾನಾಗೇ ಬಾಯಿಗೆ ಬರುತ್ತೆ, ಕೂತು ಬರೀತೀನಿ ಅಂದ್ರೆ ಬರಲ್ಲ ಅಂತಾರೆ. ಅದಕ್ಕೆ ದೀಪಾವಳಿಗೆ ಊರಿಗೆ ಹೋಗುವಾಗ ಮತ್ತೆ ಒಂದು ದಿನ ಮೊದಲೇ ಇಳೀತೀನಿ. ಅವರು ಹಾಡ್ತಾರೆ, ನಾನು ಬರ್ಕೋತೀನಿ.

ಮಂಡಕ್ಕಿ_ಪೊಟ್ಲೆ
ಎಲ್ಲಾ ಸರಿ. ಮಂಡಕ್ಕಿ ತಿಂದ್ರಾ?

ಕಿಟಕಿಸೀಟು
ತಿಂದೆ. ಗಾಂಧಿ ಪಾರ್ಕಲ್ಲಿ, ಬುಧವಾರ ಸಂಜೆ. ಕೈ ತೊಳ್ಕೊಂಡೆ.